ಪರದೆಯ ಹಿಂದೆ ನಿಲ್ಲುವ ಮಗು: ಒಂದು ಆಪ್ತಸಲಹೆ ಪ್ರಕರಣ

ಹೆಣ್ಣುಮಗು, ವಯಸ್ಸು 3 ವರ್ಷ 2 ತಿಂಗಳು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು, ಹಗಲೆಲ್ಲ ಮಗು ಅಪ್ಪನ ತಾಯಿಯ ಜೊತೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ. ಬಂದದ್ದು ಏಪ್ರಿಲ್ ನಡುಭಾಗದಲ್ಲಿ, ಮೂವರೂ ಒಟ್ಟಿಗೆ. ಜೂನ್‌ಗೆ ನರ್ಸರಿ ಶುರು, ಅಷ್ಟರಲ್ಲಿ ಡೈಪರ್ ಬಿಟ್ಟಿರಬೇಕು ಎಂದು ಶಾಲೆಯವರು ಹೇಳಿದ್ದರು.

"ಸುಸು ಆದ್ರೆ ಹೇಳ್ತಾಳೆ ಮೇಡಂ, ತಾನೇ ಓಡ್ತಾಳೆ. ಕಕ್ಕದ್ದೇ ಹಟ. ಪರದೆ ಹಿಂದೆ ನಿಂತ್ಕೊಂಡು ತಿಣುಕ್ತಾಳೆ, ಕಮೋಡ್ ಮೇಲೆ ಕೂರಿಸಿದ್ರೆ ಮನೆ ಕಿತ್ತು ಹೋಗೋ ಹಾಗೆ ಕಿರುಚ್ತಾಳೆ," ಎಂದರು ಅಮ್ಮ. ಅಜ್ಜಿಯ ದೂರು ಬೇರೆ: "ನಮ್ಮ ಕಾಲದಲ್ಲಿ ವರ್ಷ ತುಂಬೋದ್ರೊಳಗೆ ಕಾಲ ಮೇಲೆ ಕೂರಿಸ್ಕೊಂಡು ಮಾಡಿಸ್ತಿದ್ವಿ. ಇವ್ರು ಡೈಪರ್ ಕಟ್ಟಿ ಕೆಡಿಸಿದ್ರು." ಅಪ್ಪ ಮಾತಾಡಲಿಲ್ಲ. ಕಮೋಡಿನಲ್ಲಿ ಮಾಡಿದರೆ ಸೈಕಲ್ ಕೊಡಿಸುತ್ತೇನೆ ಎಂದು ಮಗುವಿಗೆ ಮಾತು ಕೊಟ್ಟಿದ್ದರಂತೆ.

ಪರದೆ ಹಿಂದೆ ಅವಳು ಹೇಗೆ ನಿಲ್ಲುತ್ತಾಳೆ ಎಂದು ಕೇಳಿದೆ. ತುದಿಗಾಲಲ್ಲಿ, ಕಾಲಿಗೆ ಕಾಲು ಹೆಣೆದು, ಮೈ ಬಿಗಿಹಿಡಿದು, ಮುಖ ಕೆಂಪಾಗಿಸಿಕೊಂಡು. ಇದು ತಿಣುಕುವುದಲ್ಲ, ತಡೆಯುವುದು. ತಿಣುಕುವ ಮಗು ಮೊಣಕಾಲು ಮಡಚಿ ಕುಕ್ಕರಗಾಲಿಗೆ ಇಳಿಯುತ್ತದೆ, ತಡೆಯುವ ಮಗು ಸೆಟೆದು ನಿಲ್ಲುತ್ತದೆ. ಇವೆರಡನ್ನು ಅದಲುಬದಲು ಮಾಡಿಕೊಂಡ ಮನೆಯವರು "ಮುಕ್ಕು, ಮುಕ್ಕು" ಎಂದು ಹುರಿದುಂಬಿಸುತ್ತಾರೆ. ಮಗುವಿಗೆ ಅದು ನೋವಿನ ಕಡೆಗೆ ತಳ್ಳಿದ ಹಾಗೆ.

ಶುರುವಾದದ್ದು ಜನವರಿಯಲ್ಲಿ. ಜ್ವರ ಬಂದು ನಾಲ್ಕು ದಿನ ಸರಿಯಾಗಿ ಊಟ ನೀರಿಲ್ಲ, ಆಮೇಲೆ ಗಟ್ಟಿಯಾಗಿ ಆಗಿ ಸ್ವಲ್ಪ ರಕ್ತ ಕಂಡಿತ್ತು. ಅದಾದ ವಾರಕ್ಕೇ, ಶಾಲೆಯ ಅರ್ಜಿ ತುಂಬಿದ ಉತ್ಸಾಹದಲ್ಲಿ, ಡೈಪರ್ ಬಿಡಿಸಲು ಹೊರಟರು. ಒಮ್ಮೆ ನೋವಾದ ಮಗು ಮುಂದಿನ ಸಲ ತಡೆಯುತ್ತದೆ. ತಡೆದಷ್ಟು ಹೊತ್ತೂ ದೊಡ್ಡ ಕರುಳು ನೀರು ಹೀರುತ್ತಲೇ ಇರುವುದರಿಂದ ಮಲ ಗಟ್ಟಿಯಾಗಿ, ದಪ್ಪಗಾಗಿ, ಇನ್ನಷ್ಟು ನೋವು ಕೊಟ್ಟೇ ಹೊರಬರುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಗುದನಾಳ ಹಿಗ್ಗಿ, "ಬಂತು" ಎನ್ನುವ ಅರಿವೇ ಮಂದವಾಗುತ್ತದೆ. ಒಳಗೆ ಕಟ್ಟಿದ ಗಟ್ಟಿ ಮಲದ ಪಕ್ಕದಿಂದ ತೆಳ್ಳನೆಯದು ಸೋರಿ ಚಡ್ಡಿಗೆ ಅಂಟುತ್ತದೆ. ಈ ಮನೆಯಲ್ಲಿ ಅದನ್ನು ಭೇದಿ ಎಂದುಕೊಂಡು ಹಣ್ಣು ನಿಲ್ಲಿಸಿ ಗಂಜಿ ಕೊಟ್ಟಿದ್ದರು!

ಮೊದಲ ಭೇಟಿಯಲ್ಲಿ ಕೊಟ್ಟ ಸಲಹೆಗಳು ಮೂರೇ.

ಒಂದು, ಆ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸುವುದು. ಹುಟ್ಟಿದ ಮೇಲೆ ಮೊದಲ ಕಪ್ಪು ಮಲ 48 ಗಂಟೆ ದಾಟಿ ಆಗಿದ್ದರೆ, ತೊಂದರೆ ಹುಟ್ಟಿದ ತಿಂಗಳೊಳಗೇ ಶುರುವಾಗಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ತೂಕ ಏರದಿದ್ದರೆ, ಕಾಲಿನಲ್ಲಿ ಬಲ ಕಡಿಮೆ ಎನಿಸಿದರೆ ಅದು ಆಪ್ತಸಲಹೆಯಿಂದ ಬಗೆಹರಿಯುವ ಮಾತಲ್ಲ ಎಂದು ಬರೆದುಕೊಟ್ಟೆ. ಈ ಮಗುವಿಗೆ ಅವು ಯಾವುವೂ ಇರಲಿಲ್ಲ. ಡಾಕ್ಟರಿಗೆ ಕಂಡದ್ದು ಗುದದ್ವಾರದಲ್ಲಿ ಸಣ್ಣ ಸೀಳು ಮತ್ತು ಕೆಳಹೊಟ್ಟೆಯಲ್ಲಿ ಕೈಗೆ ಸಿಗುವ ಗಟ್ಟಿ ಮಲ. ನೀರಿನಲ್ಲಿ ಕರಗಿಸಿ ಕುಡಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕೊಟ್ಟರು: ಕಟ್ಟಿದ್ದು ಖಾಲಿಯಾಗಲು ಕೆಲವು ದಿನ ಹೆಚ್ಚಿನ ಪ್ರಮಾಣದಲ್ಲಿ, ಆಮೇಲೆ ದಿನವೂ ಕಡಿಮೆ ಪ್ರಮಾಣದಲ್ಲಿ. ಪ್ರಮಾಣ ಮಗುವಿನ ತೂಕದ ಮೇಲೆ ಹೋಗುವುದರಿಂದ ಪಕ್ಕದ ಮನೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡು, ಡೈಪರ್ ವಾಪಸ್. ಅಮ್ಮನ ಮುಖ ಸಪ್ಪಗಾಯಿತು. ಆದರೆ ನೋವು ಹೋಗುವ ಮುಂಚೆ ಕಮೋಡಿನ ಪಾಠ ಹೇಳಿದರೆ ಮಗು ಕಲಿಯುವುದು ಕಮೋಡನ್ನು ಕಂಡರೆ ಹೆದರುವುದನ್ನು. ಸುಸುಗೆ ಚಡ್ಡಿ ಹಾಗೇ ಇರಲಿ, ಕಕ್ಕಕ್ಕೆ ಅವಳು ಕೇಳಿದಾಗ ಮಾತಿಲ್ಲದೆ ಡೈಪರ್ ಕೊಡಿ ಎಂದೆ.

ಮೂರು, ವೀಳ್ಯದೆಲೆ ತೊಟ್ಟು ಬಂದ್. ತೊಟ್ಟಿಗೆ ಹರಳೆಣ್ಣೆ ಹಚ್ಚಿ ಗುದಕ್ಕೆ ಇಡುವುದು ಅಜ್ಜಿಗೆ ಗೊತ್ತಿದ್ದ ಮದ್ದು, ಈಗಾಗಲೇ ಮೂರು ಸಲ ಮಾಡಿದ್ದರು. ಸೀಳಿರುವ ಜಾಗಕ್ಕೆ ಏನೇ ತಾಗಿದರೂ ಉರಿ, ಜೊತೆಗೆ ಕೈಕಾಲು ಹಿಡಿದವರ ನೆನಪು. "ಹಾಗಾದ್ರೆ ನಾನೇ ಹೆದರಿಸಿಬಿಟ್ನಾ?" ಎಂದರು ಅಜ್ಜಿ. ಕಾಲ ಮೇಲೆ ಕೂರಿಸಿ ಮಾಡಿಸುವ ಅವರ ಪದ್ಧತಿಯಲ್ಲಿ ತಪ್ಪಿಲ್ಲ ಎಂದೂ ಹೇಳಬೇಕಾಯಿತು: ಮೊಣಕಾಲು ಮೇಲೆ, ಪಾದಕ್ಕೆ ಆಸರೆ, ಅವಸರವಿಲ್ಲ. ಕಮೋಡಿನಲ್ಲಿ ಕಾಲು ನೇತಾಡುವ ಮಗುವಿಗೆ ಸಿಗದಿದ್ದುದು ಇದೇ.

ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಲು ಕೇಳಿದ್ದೆ: ಎಷ್ಟು ಹೊತ್ತಿಗೆ ಆಯಿತು, ಗೋಲಿಯ ಹಾಗೋ ಮೆತ್ತಗೋ, ಏನು ತಿಂದಳು, ಹಾಲೆಷ್ಟು. ಹಾಲಿನ ಲೆಕ್ಕ ಅವರಿಗೇ ಆಶ್ಚರ್ಯ ತಂದಿತು. ಬೆಳಿಗ್ಗೆ 250 ಮಿಲಿ, ಸಂಜೆ 200, ಮಲಗುವಾಗ 250, ನಡುರಾತ್ರಿ ಬಾಟಲಿಯಲ್ಲಿ 150, ಒಟ್ಟು 850. ಅಷ್ಟು ಹಾಲು ತುಂಬಿದ ಹೊಟ್ಟೆಯಲ್ಲಿ ಊಟಕ್ಕೆ ಜಾಗವಿಲ್ಲ, ಹಾಲಿನಲ್ಲಿ ನಾರಿಲ್ಲ, ಕಬ್ಬಿಣವೂ ಇಲ್ಲವೆನ್ನುವಷ್ಟು ಕಡಿಮೆ. 400ರಿಂದ 500 ಮಿಲಿಗೆ ಇಳಿಸಲು ಹೇಳಿದೆ, ನಡುರಾತ್ರಿಯದನ್ನು ಮೊದಲು. ದಿನಕ್ಕೆ 30 ಮಿಲಿ ಕಡಿಮೆ ಮಾಡುತ್ತ ಬಂದದ್ದರಿಂದ ಐದನೇ ರಾತ್ರಿಗೆ ಬಾಟಲಿ ನಿಂತಿತು, ಹೆಚ್ಚು ಅಳು ಆಗಲಿಲ್ಲ. ಊಟದಲ್ಲಿ ಹೊಸ ಅಡುಗೆ ಏನೂ ಬೇಕಿರಲಿಲ್ಲ. ಮೊಸರನ್ನದ ಜಾಗದಲ್ಲಿ ಒಂದು ಹೊತ್ತು ಸೊಪ್ಪಿನ ಹುಳಿ ಅನ್ನ, ಬಿಸ್ಕತ್ತಿನ ಜಾಗದಲ್ಲಿ ಪಪ್ಪಾಯ ಅಥವಾ ಸೀಬೆ, ರಾತ್ರಿ ನೆನೆಸಿದ ಒಣದ್ರಾಕ್ಷಿ ಏಳೆಂಟನ್ನು ಹಿಸುಕಿ ಬೆಳಿಗ್ಗೆ. ಆದರೆ ಕಟ್ಟಿದ್ದು ಖಾಲಿಯಾಗದೆ ಬರೀ ನಾರು ಸುರಿದರೆ ಹೊಟ್ಟೆನೋವೇ ಹೆಚ್ಚು. ಪುಡಿ ಮೊದಲು, ಪಪ್ಪಾಯ ಆಮೇಲೆ.

ಎಡವಿದ್ದು ಹನ್ನೆರಡನೇ ದಿನ. ದಿನವೂ ಮೆತ್ತಗೆ ಆಗುತ್ತಿದೆ, ಇನ್ನು ಪುಡಿ ಕೊಟ್ಟರೆ ಅಭ್ಯಾಸ ಆಗಿಬಿಡುತ್ತದೆ ಎಂದು ಅಪ್ಪ ನಿಲ್ಲಿಸಿದರು. ಆರು ದಿನಕ್ಕೆ ಮಗು ಮತ್ತೆ ಪರದೆ ಹಿಂದೆ. ಬಹುತೇಕ ಮನೆಗಳಲ್ಲಿ ಪ್ರಕರಣ ಕೆಡುವುದು ಇಲ್ಲೇ. ಈ ಪುಡಿ ಕರುಳನ್ನು ಕೆರಳಿಸುವ ಮದ್ದಲ್ಲ, ಮಲದಲ್ಲಿ ನೀರು ಉಳಿಸಿಕೊಳ್ಳುವಂಥದ್ದು, ಕರುಳಿಗೆ ಅದರ ಚಟ ಹತ್ತುವುದಿಲ್ಲ. ಹಿಗ್ಗಿದ ಗುದನಾಳ ಮೊದಲಿನಂತಾಗಲು, ಮಗು ನೋವನ್ನು ಮರೆಯಲು ವಾರಗಳು ಸಾಲವು. ಕನಿಷ್ಠ ಎರಡು ತಿಂಗಳು ಕೊಟ್ಟು, ಒಂದು ತಿಂಗಳು ಯಾವ ತೊಂದರೆಯೂ ಕಾಣದಿದ್ದ ಮೇಲೆ, ಡಾಕ್ಟರು ಹೇಳಿದಂತೆ ನಿಧಾನ ಇಳಿಸಬೇಕು. ಮತ್ತೆ ಡಾಕ್ಟರ ಬಳಿ ಕಳಿಸಿ ಮೊದಲಿನಿಂದ ಶುರು.

ಮೇ ಮಧ್ಯದಿಂದ ಕೂರುವ ಅಭ್ಯಾಸ. ಊಟವಾದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚುರುಕಾಗುವುದರಿಂದ ಬೆಳಗಿನ ತಿಂಡಿ, ರಾತ್ರಿ ಊಟ ಆದ ಮೇಲೆ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ಆದರೂ ಆಗದಿದ್ದರೂ ಎದ್ದುಬರುವುದು. ಕಮೋಡಿನ ಮೇಲೆ ಮಕ್ಕಳ ಸೀಟು, ಕಾಲ ಕೆಳಗೆ ಅಜ್ಜಿಯ ಊಟದ ಮಣೆ. ಅದೊಂದೇ ಗಿಡ್ಡವಾಯಿತೆಂದು ಎರಡು ಮಣೆ ಪೇರಿಸಿ, ಜಾರದಂತೆ ಹಗ್ಗದಲ್ಲಿ ಬಿಗಿದರು. ಮೊಣಕಾಲು ಸೊಂಟಕ್ಕಿಂತ ತುಸು ಮೇಲೆ ಬಂದರೆ ಎತ್ತರ ಸರಿ. ಕೈಗೆ ಸೋಪಿನ ಗುಳ್ಳೆ ಊದುವ ಡಬ್ಬಿ: ಊದುವಾಗ ಹೊಟ್ಟೆ ಒತ್ತುತ್ತದೆ, ಉಸಿರು ಬಿಗಿಹಿಡಿಯಲು ಆಗುವುದಿಲ್ಲ.

ಡೈಪರನ್ನು ಒಮ್ಮೆಲೇ ಕಿತ್ತುಕೊಳ್ಳಲಿಲ್ಲ. ಮೊದಲ ಐದು ದಿನ ಡೈಪರ್ ಹಾಕಿಕೊಂಡೇ, ಆದರೆ ಪರದೆ ಹಿಂದೆ ಅಲ್ಲ, ಬಾತ್‌ರೂಮಿನಲ್ಲಿ. ಆಮೇಲೆ ಡೈಪರ್ ಸಮೇತ ಕಮೋಡಿನ ಮೇಲೆ. ಆಮೇಲೆ ಡೈಪರಿನ ತಳದಲ್ಲಿ ಕತ್ತರಿಯಿಂದ ತೂತು, ಅದನ್ನು ದಿನವೂ ಅಷ್ಟಷ್ಟು ದೊಡ್ಡದು ಮಾಡುತ್ತ. ಕೊನೆಗೆ ಸೊಂಟದ ಪಟ್ಟಿ ಮಾತ್ರ ಉಳಿದಿತ್ತು, ಅದನ್ನು ಅವಳೇ ಕಿತ್ತು ಬುಟ್ಟಿಗೆ ಹಾಕಿದಳು.

ಸೈಕಲ್ಲಿನ ಮಾತನ್ನು ಬಿಡಿಸಿದೆ. ತನ್ನ ಕೈಲಾಗದ ಕೆಲಸಕ್ಕೆ ದೊಡ್ಡ ಬಹುಮಾನ ಇಟ್ಟರೆ ಮಗುವಿಗೆ ಸಿಗುವುದು ಸೋಲು. ಬದಲಿಗೆ ಕೂತಿದ್ದಕ್ಕೆ ಒಂದು ಸ್ಟಿಕ್ಕರ್, ಆಗಿದ್ದಕ್ಕಲ್ಲ. "ಛೀ, ಗಲೀಜು" ಎನ್ನುವುದನ್ನು ಮೂವರೂ ಬಿಟ್ಟರು. ಅಪ್ಪನಿಗೇ ಕಷ್ಟವಾದದ್ದು.

ಶಾಲೆಗೆ ಒಂದು ಪುಟದ ಪತ್ರ: ಚಿಕಿತ್ಸೆ ನಡೆಯುತ್ತಿದೆ, ಕೇಳಿದ ತಕ್ಷಣ ಬಿಡಿ, ಚಡ್ಡಿ ಕೆಟ್ಟರೆ ಎಲ್ಲರ ಮುಂದೆ ಹೇಳಬೇಡಿ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಗುಂಡಿ ಜಿಪ್ಪು ಇಲ್ಲದ ಎಲಾಸ್ಟಿಕ್ ಚಡ್ಡಿ. ಅಲ್ಲಿ ಇರುವುದು ಇಂಡಿಯನ್ ಮಾದರಿ ಎಂದು ಅಮ್ಮ ಗಮನಿಸಿದ್ದು ಒಳ್ಳೆಯದಾಯಿತು. ಕುಕ್ಕರಗಾಲಲ್ಲಿ ಕೂರುವುದನ್ನು ಅಜ್ಜಿ ಬಟಾಣಿ ಬಿಡಿಸುವ ಆಟವಾಗಿಸಿ ಕಲಿಸಿದರು.

ಜೂನ್ ಎರಡನೇ ವಾರ ಶಾಲೆಯಲ್ಲಿ ಒಂದು ಸಲ ಚಡ್ಡಿ ಕೆಟ್ಟಿತು. ಜುಲೈಯಲ್ಲಿ ಇಲ್ಲ. ಆಗಸ್ಟಿನಿಂದ ಪುಡಿ ಇಳಿಸುತ್ತಿದ್ದಾರೆ. ರಾತ್ರಿ ಡೈಪರ್ ಇನ್ನೂ ಇದೆ, ಐದು ವರ್ಷದವರೆಗೆ ರಾತ್ರಿಯ ಸುಸುವನ್ನು ತೊಂದರೆ ಎಂದು ಎಣಿಸುವುದೇ ಇಲ್ಲ. ಫ್ಲಶ್ಶಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಹಾಗಾಗಿ ಸದ್ಯಕ್ಕೆ ಅವಳು ಹೊರಗೆ ಬಂದು ಬಾಗಿಲು ಹಾಕಿದ ಮೇಲೆ ಅಜ್ಜಿ ಫ್ಲಶ್ ಒತ್ತುತ್ತಾರೆ.