ಟ್ರೆಸೆಲ್‌ಗೆ ಅನ್ಯಾಯ ಆಯ್ತಾ? ಮೊದಲು ಸೆಪ್ಟೆಂಬರ್ 13 ನೋಡಿ

ಇವತ್ತು ಕಾಲೇಜು ಆಟಗಾರರು ರಾಜಾರೋಷವಾಗಿ ದುಡ್ಡು ಮಾಡುತ್ತಿದ್ದಾರೆ, ಹಾಗಿದ್ದಮೇಲೆ 2011ರಲ್ಲಿ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಕೋಚ್ ಜಿಮ್ ಟ್ರೆಸೆಲ್ ಕೆಲಸ ಕಳೆದುಕೊಂಡದ್ದು ಅನ್ಯಾಯವಲ್ಲವೇ ಎಂದು ಕೇಳಿದ್ದೀರಿ. ಆಟಗಾರರು ದುಡ್ಡು ಮಾಡಬಾರದೆಂಬ ಆಗಿನ "ರೂಲೇ ದಂಡ" ಎನ್ನುವ ಈ ವಾದವನ್ನು ಹಿಡಿದು ನಾನು ಬದ್ಧ ಎದುರಾಳಿ ಮಿಷಿಗನ್ ಜೊತೆಗಿನ ಒಂದು ಮ್ಯಾಚಿನ ಟಿಕೆಟ್ ಕಳೆದುಕೊಂಡಿದ್ದೇನೆ. ಉತ್ತರ ಉದ್ದವಾಯಿತು, ಸಹಿಸಿಕೊಳ್ಳಿ.

ನಾನು ಓಹಾಯೋ ಸ್ಟೇಟ್ ಇರುವ ಕೊಲಂಬಸ್‌ಗೆ ಪಿಎಚ್‌ಡಿಗೆಂದು ಬಂದದ್ದು 2010ರಲ್ಲಿ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದನ್ನು ಫುಟ್‌ಬಾಲ್ ಅನ್ನುತ್ತಾರಲ್ಲ ಎಂದು ಮೊದಲ ವಾರ ನಕ್ಕವನು, ಅಕ್ಟೋಬರ್ ಹೊತ್ತಿಗೆ ಲಕ್ಷ ಜನರ ಜೊತೆ ಎದೆ ಬಿರಿಯುವಂತೆ ಕೂಗುತ್ತಿದ್ದೆ. ಟ್ರೆಸೆಲ್ ಅಂದರೆ ಅಲ್ಲಿ ಬರೀ ಕೋಚ್ ಅಲ್ಲ. ತೋಳಿಲ್ಲದ ಸ್ವೆಟರ್, ತೂಕದ ಮಾತು, "ಸೆನೆಟರ್" ಎಂಬ ಅಡ್ಡಹೆಸರು. 2002ರ ಸೀಸನ್ನಿನ ರಾಷ್ಟ್ರೀಯ ಪ್ರಶಸ್ತಿ ತಂದವರು, ಮಿಷಿಗನ್ ಎದುರು ಹತ್ತರಲ್ಲಿ ಒಂಬತ್ತು ಗೆದ್ದವರು. ಆ ಊರಲ್ಲಿ ಎರಡನೆಯದೇ ದೊಡ್ಡದು.

2011ರ ಮಾರ್ಚ್‌ನಲ್ಲಿ, ಆಟಗಾರರ ತಪ್ಪು ಗೊತ್ತಿದ್ದೂ ಟ್ರೆಸೆಲ್ ಮುಚ್ಚಿಟ್ಟಿದ್ದರೆಂಬ ಸುದ್ದಿ ಒಡೆಯಿತು. ಲ್ಯಾಬಿನಲ್ಲಿ ಶಿವಮೊಗ್ಗದ ಸೀನಿಯರ್ ಒಬ್ಬರಿದ್ದರು. ಅವರ ಜೊತೆ ಬೆಟ್ ಕಟ್ಟಿದೆ: ಐದು ಮ್ಯಾಚ್ ಸಸ್ಪೆನ್ಷನ್ ಮುಗಿಸಿಕೊಂಡು ಅಕ್ಟೋಬರ್ 8ರ ನೆಬ್ರಾಸ್ಕಾ ಮ್ಯಾಚಿಗೆ ಟ್ರೆಸೆಲ್ ಗೆರೆಯ ಪಕ್ಕ ನಿಂತಿರುತ್ತಾರೆ. ಇಲ್ಲದಿದ್ದರೆ ಕೊಲಂಬಸ್‌ನಲ್ಲಿ ಮುಂದೆ ನಡೆಯುವ ಮಿಷಿಗನ್ ಮ್ಯಾಚಿನ ನನ್ನ ಟಿಕೆಟ್ ಅವರಿಗೆ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯೂ ಅಲ್ಲೇ ಎಡವಿದೆ.

ಇಲ್ಲಿ ಇದ್ದದ್ದು ಎರಡು ಕೇಸು. ಒಂದು ಆಟಗಾರರದ್ದು. ಟೆರೆಲ್ ಪ್ರಯರ್ ಸೇರಿ ಐವರು ತಮ್ಮ ಉಂಗುರ, ಜರ್ಸಿ, "ಚಿನ್ನದ ಚಡ್ಡಿ" ಮುಂತಾದವನ್ನು ಕೊಲಂಬಸ್‌ನ ಒಬ್ಬ ಹಚ್ಚೆ ಅಂಗಡಿಯವನಿಗೆ ಮಾರಿದ್ದರು, ಇಲ್ಲವೇ ಅಗ್ಗದ ಹಚ್ಚೆಗೆ ಬದಲಾಯಿಸಿಕೊಂಡಿದ್ದರು. ಚಿನ್ನದ ಚಡ್ಡಿ ತಮಾಷೆಯಲ್ಲ. ಮಿಷಿಗನ್ನನ್ನು ಸೋಲಿಸಿದ ವರ್ಷ ಪ್ರತಿ ಆಟಗಾರನಿಗೂ ಸಿಗುವ, ಫುಟ್‌ಬಾಲ್ ಚಡ್ಡಿಯ ಆಕಾರದ ಪುಟ್ಟ ಪದಕ ಅದು. 1934ರಿಂದ ನಡೆದು ಬಂದ ಪದ್ಧತಿ. ಮಾರಿದವರಲ್ಲಿ ಪ್ರಯರ್ ವಾಪಸ್ ಕಟ್ಟಬೇಕಾಗಿ ಬಂದ ಮೊತ್ತವೇ ಎಲ್ಲರಿಗಿಂತ ಹೆಚ್ಚು, ಅದೂ 2,500 ಡಾಲರ್. 2010ರ ಡಿಸೆಂಬರ್ 23ರಂದು ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ, ಐವರಿಗೂ ಮುಂದಿನ ಸೀಸನ್ನಿನ ಮೊದಲ ಐದು ಮ್ಯಾಚ್ ನಿಷೇಧ ಹಾಕಿ, ಹನ್ನೆರಡು ದಿನಕ್ಕೆ ಇದ್ದ ಶುಗರ್ ಬೌಲ್ ಎಂಬ ಸೀಸನ್ ಕೊನೆಯ ದೊಡ್ಡ ಮ್ಯಾಚ್ ಆಡಲು ಮಾತ್ರ ಬಿಟ್ಟಿತು. ದುಡ್ಡಿನ ಮ್ಯಾಚ್ ನೋಡಿ, ಅದಕ್ಕೆ ಧಕ್ಕೆ ಆಗಬಾರದು. ಈ ರೂಲ್ ದಂಡ ಎಂದರೆ ನನ್ನದೂ ಸಹಮತ.

ಎರಡನೆಯದು ಕೋಚ್‌ದು. ಅದರಲ್ಲಿ ಹಚ್ಚೆಯೂ ಇಲ್ಲ, ಉಂಗುರವೂ ಇಲ್ಲ, ಬರೀ ತಾರೀಖುಗಳು. 2010ರ ಏಪ್ರಿಲ್ 2ರಂದು ಒಬ್ಬ ವಕೀಲರು ಟ್ರೆಸೆಲ್‌ಗೆ ಇಮೇಲ್ ಬರೆದರು: ನಿಮ್ಮ ಹುಡುಗರು ಇಂಥವನಿಗೆ ಸಾಮಾನು ಕೊಡುತ್ತಿದ್ದಾರೆ, ಅವನ ಮೇಲೆ ಫೆಡರಲ್ ತನಿಖೆ ನಡೀತಿದೆ. ಟ್ರೆಸೆಲ್ ಉತ್ತರವನ್ನೂ ಬರೆದರು. ಆಮೇಲೂ ಇಮೇಲ್ ಓಡಾಡಿದವು. ಹೀಗೆ ತಿಳಿದ ಕೋಚ್ ಮಾಡಬೇಕಾದ ಕೆಲಸ ಒಂದೇ: ರೂಲ್ ಪಾಲನೆ ನೋಡಿಕೊಳ್ಳುವ ಯೂನಿವರ್ಸಿಟಿಯ ಕಂಪ್ಲಯನ್ಸ್ ಆಫೀಸಿಗೆ ಫಾರ್ವರ್ಡ್ ಮಾಡುವುದು. ಮಾಡಲಿಲ್ಲ. ಸೆಪ್ಟೆಂಬರ್ 13ರಂದು ಪ್ರತಿ ವರ್ಷದ ಎನ್‌ಸಿಎಎ ಫಾರಂ ಬಂತು. "ನನಗೆ ತಿಳಿದ ಉಲ್ಲಂಘನೆಗಳನ್ನೆಲ್ಲ ವರದಿ ಮಾಡಿದ್ದೇನೆ" ಎಂಬ ಅರ್ಥದ ಸಾಲಿನ ಕೆಳಗೆ ಸಹಿ ಹಾಕಿದರು. ಡಿಸೆಂಬರ್‌ನಲ್ಲಿ ಆಟಗಾರರ ವಿಚಾರಣೆ ನಡೆದಾಗಲೂ ಬಾಯಿ ಬಿಡಲಿಲ್ಲ. ಜನವರಿಯಲ್ಲಿ ಬೇರೆ ಯಾವುದೋ ಕಾನೂನು ವಿಷಯಕ್ಕೆ ದಾಖಲೆ ಕೆದಕುವಾಗ ಯೂನಿವರ್ಸಿಟಿಯವರಿಗೇ ಇಮೇಲ್ ಸಿಕ್ಕವು.

ನಾನು ಮಾಡಿದ ತಪ್ಪು, "ಐದು ಮ್ಯಾಚ್" ಎಂಬ ಒಂದೇ ಸಂಖ್ಯೆ ನೋಡಿ ಎರಡೂ ಒಂದೇ ಕೇಸು ಅಂದುಕೊಂಡದ್ದು. ಆಟಗಾರರ ಐದು ಮ್ಯಾಚ್ ಎನ್‌ಸಿಎಎ ತೀರ್ಮಾನಿಸಿದ್ದು, ಅದು ಮುಗಿದ ಲೆಕ್ಕ. ಕೋಚ್‌ಗೆ ಯೂನಿವರ್ಸಿಟಿ ಮಾರ್ಚ್ 8ರಂದು ಕೊಟ್ಟದ್ದು ಎರಡು ಮ್ಯಾಚ್ ಮತ್ತು 2.5 ಲಕ್ಷ ಡಾಲರ್ ದಂಡ. ಹುಡುಗರಿಗೆ ಐದಾದರೆ ನನಗೂ ಐದಾಗಲಿ ಎಂದು ಟ್ರೆಸೆಲ್ ತಾವೇ ಆಮೇಲೆ ಕೇಳಿಕೊಂಡರು. ನಾವೆಲ್ಲ ಆಹಾ ಎಂದೆವು. ಆದರೆ ಮನೆಯೊಳಗೆ ಹಾಕಿಕೊಂಡ ಶಿಕ್ಷೆಗೆ ಎನ್‌ಸಿಎಎ ಕಟ್ಟುಬೀಳುವುದಿಲ್ಲ. ಏಪ್ರಿಲ್‌ನಲ್ಲಿ ಬಂದ ಆರೋಪಪಟ್ಟಿಯಲ್ಲಿ ಬೈಲಾ 10.1, ಅಂದರೆ ಅನೈತಿಕ ನಡವಳಿಕೆ, ಎಂದು ಬರೆದದ್ದು ಕೋಚ್ ಹೆಸರಿನ ಮುಂದೆ. ಆ ಪಟ್ಟಿ ಎಲ್ಲರಿಗೂ ಓದಲು ಸಿಗುತ್ತಿತ್ತು. ನಾನು ಓದಿದ್ದು ಅದರ ಬಗ್ಗೆ ಬಂದ ತಲೆಬರಹಗಳನ್ನು. 10.1 ಬಿದ್ದ ಕೋಚ್ ಅದೇ ಕುರ್ಚಿಯಲ್ಲಿ ಉಳಿಯುವುದು ಬಹಳ ಕಷ್ಟ ಎಂದು ಸೀನಿಯರ್‌ಗೆ ಗೊತ್ತಿತ್ತು, ನನಗಿರಲಿಲ್ಲ. ಮೇ 30ಕ್ಕೆ ರಾಜೀನಾಮೆ ಬಂತು.

ಫ್ಯಾನ್‌ಗಳ ವಾದಗಳು ಆಗಲೂ ಇವೇ ಇದ್ದವು. "ವಕೀಲರು ಗುಟ್ಟಾಗಿಡಿ ಅಂದಿದ್ದರು, ತನಿಖೆ ಕೆಡಬಾರದೆಂದು ಸುಮ್ಮನಿದ್ದರು" ಎನ್ನುವುದು ಒಂದು. ಕೇಳಲು ಚೆನ್ನಾಗಿದೆ. ಆದರೆ ಅದೇ ಇಮೇಲ್‌ಗಳನ್ನು ಪ್ರಯರ್‌ನ ಊರಲ್ಲಿದ್ದ ಅವನ ಹಿತೈಷಿಯೊಬ್ಬರಿಗೆ ಟ್ರೆಸೆಲ್ ಫಾರ್ವರ್ಡ್ ಮಾಡಿದ್ದರು. ಪಕ್ಕದ ರಾಜ್ಯದ ಪರಿಚಯದವರಿಗೆ ಹೇಳಬಹುದಾದ ಗುಟ್ಟು, ತಮ್ಮದೇ ಆಫೀಸಿಗೆ ಹೇಳಲಾಗದ ಗುಟ್ಟು ಹೇಗಾಯಿತು? "ಎಲ್ಲರೂ ಮಾಡುತ್ತಾರೆ" ಎನ್ನುವುದಕ್ಕೆ ಉತ್ತರ ಕೊಡುವುದು ಟೈಮ್ ವೇಸ್ಟು. ಇನ್ನು ಅಂದಿನ ಯೂನಿವರ್ಸಿಟಿ ಅಧ್ಯಕ್ಷ ಗಾರ್ಡನ್ ಗೀ, ವಜಾ ಮಾಡುವ ಯೋಚನೆ ಬಂತಾ ಎಂದು ಪತ್ರಕರ್ತರು ಕೇಳಿದರೆ, ಕೋಚ್ ನನ್ನನ್ನು ವಜಾ ಮಾಡದಿದ್ದರೆ ಸಾಕು ಎಂದು ಚಟಾಕಿ ಹಾರಿಸಿದರು. ಯಜಮಾನರೇ ಹೀಗಿದ್ದ ಮೇಲೆ ನನ್ನಂಥವನು ಸ್ವೆಟರ್ ಹಾಕಿಕೊಂಡು ಕುಣಿದದ್ದರಲ್ಲಿ ಏನಾಶ್ಚರ್ಯ.

ಶಿಕ್ಷೆಯ ವಿಷಯದಲ್ಲಿ ಎರಡು ಪದ ತಿಳಿದಿರಲಿ. ಗೆಲುವು "ವೆಕೇಟ್" ಆಗುವುದೆಂದರೆ ಎದುರಾಳಿಗೆ ಗೆಲುವು ಕೊಟ್ಟರು ಎಂದಲ್ಲ. ನಿಮ್ಮ ಪುಸ್ತಕದಿಂದ ಅಳಿಸಿದರು ಎಂದು ಮಾತ್ರ. 2010ರಲ್ಲಿ 12 ಗೆದ್ದು ಒಂದು ಸೋತಿದ್ದ ತಂಡದ ಲೆಕ್ಕ ಈಗ ಸೊನ್ನೆ ಗೆಲುವು, ಒಂದು ಸೋಲು. ವಿಸ್ಕಾನ್ಸಿನ್ ಎದುರಿನ ಸೋಲು ಮಾತ್ರ ಭದ್ರವಾಗಿದೆ. ಮಿಷಿಗನ್ ಎದುರಿನ ಒಂಬತ್ತೂ ದಾಖಲೆಯಲ್ಲಿ ಎಂಟಾಯಿತು. "ಶೋ ಕಾಸ್" ಎಂದರೆ ಆ ಅವಧಿಯಲ್ಲಿ ಈ ಕೋಚನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಾಲೇಜು ಎನ್‌ಸಿಎಎ ಮುಂದೆ ಸಮಜಾಯಿಷಿ ಕೊಡಬೇಕು. ಟ್ರೆಸೆಲ್‌ಗೆ ಐದು ವರ್ಷದ್ದು ಬಿತ್ತು. ಮತ್ತೆ ಕಾಲೇಜು ತಂಡದ ಕೋಚ್ ಆಗಲಿಲ್ಲ.

ಫ್ಯಾನ್‌ಗಳು ನಿಜಕ್ಕೂ ಸಿಟ್ಟಾಗಬೇಕಿದ್ದ ಜಾಗ ಬೇರೆ ಇತ್ತು. 2011ರಲ್ಲಿ ತಂಡ ಆರು ಗೆದ್ದು ಆರು ಸೋತು ಕುಂಟುತ್ತಿದ್ದಾಗ ಯೂನಿವರ್ಸಿಟಿ, ಶಿಕ್ಷೆಯನ್ನು ಅದೇ ವರ್ಷ ತೀರಿಸಿಕೊಳ್ಳಲು, ತಾನಾಗಿಯೇ "ಈ ವರ್ಷ ಬೌಲ್ ಆಡುವುದಿಲ್ಲ" ಅನ್ನಬಹುದಿತ್ತು. ಅನ್ನದೆ ಗೇಟರ್ ಬೌಲ್‌ಗೆ ಹೋಗಿ ಸೋತಿತು. ಅಷ್ಟರಲ್ಲಿ ಡಿಸೆಂಬರ್ 20ರಂದು ಎನ್‌ಸಿಎಎ 2012ಕ್ಕೆ ಬೌಲ್ ನಿಷೇಧ ಹಾಕಿತ್ತು. 2012ರಲ್ಲಿ ಹೊಸ ಕೋಚ್ ಅರ್ಬನ್ ಮೇಯರ್ ಕೈಕೆಳಗೆ ತಂಡ 12ಕ್ಕೆ 12 ಗೆದ್ದೂ ಬೌಲ್ ಇಲ್ಲದೆ ಮನೆಯಲ್ಲಿ ಕೂತಿತು.

ಈಗ ನಿಮ್ಮ "ರೂಲೇ ಹೋಯ್ತಲ್ಲ". ಹೌದು, 2021ರ ಜುಲೈನಿಂದ ಆಟಗಾರ ತನ್ನ ಹೆಸರು, ಮುಖ ಮಾರಿಕೊಳ್ಳಬಹುದು. 2025ರಿಂದ ಕಾಲೇಜೇ ನೇರವಾಗಿ ಹಣ ಕೊಡಬಹುದು, ಒಂದು ಕಾಲೇಜಿಗೆ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆ ಐವರು ಹುಡುಗರಿಗೆ ಅನ್ಯಾಯ ಆಯ್ತು ಅನ್ನಿ, ನಾನೂ ದನಿಗೂಡಿಸುತ್ತೇನೆ. ಆದರೆ ಸುಳ್ಳು ಫಾರಂಗೆ ಸಹಿ ಹಾಕಬಹುದು ಎಂಬ ರೂಲ್ ಇವತ್ತಿಗೂ ಬಂದಿಲ್ಲ. ಫ್ಯಾನ್ ಜೊತೆ ವಾದ ಮಾಡಲೇಬೇಕೆಂದರೆ ಹಚ್ಚೆ, ದುಡ್ಡು, ಒಳ್ಳೆಯ ಮನುಷ್ಯ ಎಂಬ ಮಾತಿಗೆಲ್ಲ ಹೋಗಬೇಡಿ. ಏಪ್ರಿಲ್ 2 ಮತ್ತು ಸೆಪ್ಟೆಂಬರ್ 13, ಇವೆರಡರ ನಡುವೆ ಅವರು ಏನು ಮಾಡಬಹುದಿತ್ತು ಎಂದಷ್ಟೇ ಕೇಳಿ. ಒಳ್ಳೆಯ ಮನುಷ್ಯರೇ ಇರಬಹುದು. ಆಮೇಲೆ ಯಂಗ್ಸ್‌ಟೌನ್ ಸ್ಟೇಟ್‌ನ ಅಧ್ಯಕ್ಷರಾದರು, 2025ರಲ್ಲಿ ಓಹಾಯೋದ ಲೆಫ್ಟಿನೆಂಟ್ ಗವರ್ನರ್ ಆದರು. ಊರು ಅವರನ್ನು ಬಿಟ್ಟುಕೊಡಲಿಲ್ಲ.

2012ರ ನವೆಂಬರ್ 24ರ ಮಿಷಿಗನ್ ಮ್ಯಾಚಿಗೆ ನನ್ನ ಟಿಕೆಟ್ ಸೀನಿಯರ್ ಜೇಬಿನಲ್ಲಿತ್ತು. ಸ್ಟೇಡಿಯಂ ಹೊರಗೆ ಲೇನ್ ಅವೆನ್ಯೂನಲ್ಲಿ ಚಳಿಯಲ್ಲಿ ನಿಂತಿದ್ದೆ. ಆಟದ ನಡುವೆ ಒಂದು ಕೂಗು ಎದ್ದಿತು, ಟಚ್‌ಡೌನ್‌ಗೆ ಏಳುವ ಕೂಗಲ್ಲ ಅದು, ನಿಲ್ಲಲೇ ಇಲ್ಲ. 2002ರ ತಂಡವನ್ನು ಮೈದಾನಕ್ಕೆ ಕರೆದಿದ್ದರು, ಆ ಹಳೆಯ ಆಟಗಾರರು ಟ್ರೆಸೆಲ್‌ರನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. 26-21ರಲ್ಲಿ ಗೆದ್ದೂ ಆಗಿತ್ತು. ರಾತ್ರಿ ರೂಮಿಗೆ ಬಂದ ಸೀನಿಯರ್ ಜಾಕೆಟ್ ಬಿಚ್ಚುತ್ತಾ, "ನಾನೂ ಎದ್ದು ನಿಂತು ಚಪ್ಪಾಳೆ ಹೊಡೆದೆ ಮಾರಾಯ" ಎಂದರು.