ಆಸ್ಪತ್ರೆ, ಗ್ರಂಥಾಲಯ, ಶಾಲೆಗಳು ಒಂದೇ ವೈದ್ಯಕೀಯ ಮಾಹಿತಿಯನ್ನು ಆನ್‌ಲೈನಿನಲ್ಲಿ ಹಂಚಿಕೊಳ್ಳುವುದು ಹೇಗೆ?

ಇದಕ್ಕೆ ನಾನು ಮೆಚ್ಚುವ ಮಾದರಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು. ಅದು 1997ರಲ್ಲಿ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ತಾಣವಾದ ಪಬ್‌ಮೆಡ್ ಅನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. ಆದರೆ ಸಂಶೋಧನಾ ಲೇಖನದ ಸಾರಾಂಶದಿಂದ ಸಾಮಾನ್ಯ ರೋಗಿಗೆ ಏನು ತಿಳಿಯಬೇಕು? ಹಾಗಾಗಿ ಮರುವರ್ಷವೇ ಸರಳ ಭಾಷೆಯ ಆರೋಗ್ಯ ಮಾಹಿತಿ ತಾಣವಾದ ಮೆಡ್‌ಲೈನ್‌ಪ್ಲಸ್ ಬಂತು. ಅದರಲ್ಲಿ ಜಾಹೀರಾತೂ ಇಲ್ಲ, ಶುಲ್ಕವೂ ಇಲ್ಲ.

ಆಸ್ಪತ್ರೆಯ ಮಟ್ಟಿಗೆ ಇದು ಕೆಲಸ ಮಾಡುವ ಬಗೆ ಸೊಗಸಾಗಿದೆ. ರೋಗಿಯ ಗಣಕ ದಾಖಲೆಯಲ್ಲಿ ಪ್ರತಿ ಕಾಯಿಲೆಗೂ ಒಂದು ಸಂಕೇತವಿರುತ್ತದೆ; ಇ11 ಎಂದರೆ ಎರಡನೇ ಬಗೆಯ ಮಧುಮೇಹ. ಮೆಡ್‌ಲೈನ್‌ಪ್ಲಸ್ ಕನೆಕ್ಟ್ ಎಂಬ ಸೇವೆಗೆ ಆ ಸಂಕೇತವನ್ನು ಕಳುಹಿಸಿದರೆ ಸಾಕು, ಅದಕ್ಕೆ ಹೊಂದುವ ಮಾಹಿತಿ ಪುಟದ ಕೊಂಡಿ ಮರಳಿ ಬರುತ್ತದೆ. ರೋಗಿಯ ಹೆಸರನ್ನು ಕೊಡಬೇಕಿಲ್ಲ. ಈ ಅಂಶವನ್ನು ದಯವಿಟ್ಟು ಗಮನಿಸಿ: ಇಲ್ಲಿ ಹಂಚಿಕೆಯಾಗುವುದು ಕಾಯಿಲೆಯ ಕುರಿತ ತಿಳಿವಳಿಕೆಯೇ ಹೊರತು ಯಾರೊಬ್ಬರ ಗುಟ್ಟಲ್ಲ.

ಅದೇ ಪುಟವನ್ನು ಶಾಲೆಯ ಶಿಕ್ಷಕಿ ಪಾಠಕ್ಕೆ ಬಳಸಬಹುದು. ಅಮೆರಿಕದಲ್ಲಿ ಊರಿನ ಗ್ರಂಥಪಾಲಕರಿಗೆ ಪ್ರಾದೇಶಿಕ ವೈದ್ಯಕೀಯ ಗ್ರಂಥಾಲಯಗಳ ಜಾಲವು ತರಬೇತಿ ಕೊಡುತ್ತದೆ. ಅವರು ರೋಗನಿರ್ಣಯ ಮಾಡುವುದಿಲ್ಲ. ನಂಬಬಹುದಾದ ಪುಟವನ್ನು ಹುಡುಕಿಕೊಡುತ್ತಾರೆ. ಈ ಜಾಲದ ಬೇರು 1965ರ ಕಾನೂನಿನಲ್ಲಿದೆ, ಅಂದರೆ ಅಂತರಜಾಲಕ್ಕಿಂತ ಹಳೆಯದು.

ನಕಲು ಮಾಡುವ ಮುನ್ನ ಹಕ್ಕುಸ್ವಾಮ್ಯ ನೋಡಿಕೊಳ್ಳಿ. ಸರ್ಕಾರವೇ ಬರೆಸಿದ ಆರೋಗ್ಯ ವಿಷಯಗಳ ಸಾರಾಂಶಗಳನ್ನು ಮುಕ್ತವಾಗಿ ಬಳಸಬಹುದು. ಮೆಡ್‌ಲೈನ್‌ಪ್ಲಸ್‌ನಲ್ಲಿರುವ ವೈದ್ಯಕೀಯ ವಿಶ್ವಕೋಶದ ಭಾಗ ಖಾಸಗಿ ಸಂಸ್ಥೆಯದ್ದು, ಅದಕ್ಕೆ ಕೊಂಡಿ ಮಾತ್ರ ಕೊಡಿ. ಕರ್ನಾಟಕದ ಶಾಲೆಗಳಿಗೂ ಇದು ತೆರೆದೇ ಇದೆ. ಆದರೆ ಪುಟಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿರುವುದರಿಂದ, ಮಕ್ಕಳಿಗೆ ತಲುಪಿಸಲು ಶಿಕ್ಷಕರೇ ಕನ್ನಡಕ್ಕೆ ತಂದು ಒಮ್ಮೆ ವೈದ್ಯರಿಗೆ ತೋರಿಸಬೇಕಾಗುತ್ತದೆ.