ಪಟ್ಟಿಗೆ ಹೆಸರು ಕೊಟ್ಟರೆ ಜೂಜು ಬಿಡುತ್ತದಾ?

ಪ್ರಶ್ನೆ: ಅಕ್ಕಾ, ನನ್ನ ತಮ್ಮ ನರ್ಸ್, ಇಂಗ್ಲೆಂಡಿನಲ್ಲಿದ್ದಾನೆ. ಮೊದಲೆಲ್ಲ ತಿಂಗಳು ತಿಂಗಳು ಸರಿಯಾಗಿ ದುಡ್ಡು ಬರುತ್ತಿತ್ತು, ಆಮೇಲೆ ಒಂದೊಂದೇ ನೆಪ ಶುರುವಾಯಿತು. ಈಗ ಬಾಯಿ ಬಿಟ್ಟಿದ್ದಾನೆ. ಫೋನಿನಲ್ಲಿ ಫುಟ್‌ಬಾಲ್ ಬೆಟ್ಟಿಂಗ್, ಡ್ಯೂಟಿ ಮುಗಿಸಿ ಬರುವ ದಾರಿಯಲ್ಲಿ ಬೆಟ್ಟಿಂಗ್ ಅಂಗಡಿ. "ಗ್ಯಾಮ್‌ಸ್ಟಾಪ್‌ಗೆ ಹೆಸರು ಕೊಟ್ಟಿದ್ದೇನೆ, ಇನ್ನು ಯಾರೂ ನನ್ನನ್ನು ಆಡಲು ಬಿಡುವುದಿಲ್ಲ" ಅನ್ನುತ್ತಾನೆ. ನಂಬಬಹುದಾ? ಅಮ್ಮನಿಗೆ ಇನ್ನೂ ಹೇಳಿಲ್ಲ.
- ಹೆಸರು ಬೇಡ, ಬದಿಯಡ್ಕ

ಉತ್ತರ: ನಿಮ್ಮ ತಮ್ಮ ಸುಳ್ಳು ಹೇಳುತ್ತಿಲ್ಲ, ಆದರೆ ಅರ್ಧ ಹೇಳಿದ್ದಾನೆ. ಗ್ಯಾಮ್‌ಸ್ಟಾಪ್ ಅಂದರೆ ಜೂಜು ಬಿಡಬೇಕೆನ್ನುವವರು ಹೆಸರು ಕೊಡುವ ಪಟ್ಟಿ, ಅದು ಆನ್‌ಲೈನ್ ಜೂಜಿಗೆ ಮಾತ್ರ. ಅಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ, ಇಮೇಲ್, ಫೋನ್ ನಂಬರ್ ಕೊಟ್ಟು "ನನ್ನನ್ನು ಒಳಗೆ ಬಿಡಬೇಡಿ" ಎಂದು ತಾನೇ ಬರೆಸಿಕೊಳ್ಳಬೇಕು. ಬ್ರಿಟನ್ನಿನ ಲೈಸೆನ್ಸ್ ಇರುವ ಆನ್‌ಲೈನ್ ಕಂಪನಿಗಳೆಲ್ಲ 2020ರ ಮಾರ್ಚ್ 31ರಿಂದ ಈ ಪಟ್ಟಿಯನ್ನು ನೋಡಲೇಬೇಕು. ಆರು ತಿಂಗಳು, ಒಂದು ವರ್ಷ, ಐದು ವರ್ಷ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಒಮ್ಮೆ ಆರಿಸಿದ ಮೇಲೆ ಅವಧಿ ಮುಗಿಯುವ ತನಕ ಕೈಕಾಲು ಹಿಡಿದರೂ ಹೆಸರು ತೆಗೆಯುವುದಿಲ್ಲ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇದೇ. ಜೂಜಿನ ಚಟ ಇದ್ದವರು ಬೆಳಿಗ್ಗೆ ಆಣೆ ಹಾಕಿ ರಾತ್ರಿ ಮುರಿಯುತ್ತಾರೆ ಅಲ್ವಾ, ರಾತ್ರಿ ಬುದ್ಧಿ ಕೈಕೊಟ್ಟಾಗ ಬೆಳಗ್ಗಿನ ಮಾತೇ ನಡೆಯುವ ಹಾಗೆ ಮಾಡಿಟ್ಟಿದ್ದಾರೆ.

ಆದರೆ ಆ ದಾರಿಯಲ್ಲಿರುವ ಅಂಗಡಿಗೆ ಗ್ಯಾಮ್‌ಸ್ಟಾಪ್ ಗೊತ್ತೇ ಇಲ್ಲ. ಬೆಟ್ಟಿಂಗ್ ಅಂಗಡಿಗಳಿಗೆ ಬೇರೆ ಪಟ್ಟಿ, ಕ್ಯಾಸಿನೊಗಳಿಗೆ ಬೇರೆ, ಬಿಂಗೊ ಹಾಲ್‌ಗಳಿಗೆ ಇನ್ನೊಂದು. ಮೊದಲು ಒಂದೊಂದು ಕಂಪನಿಗೂ ಹೋಗಿ ಬೇರೆ ಬೇರೆ ಬರೆದುಕೊಡಬೇಕಿತ್ತು. 2016ರ ಏಪ್ರಿಲ್ ನಂತರ ಒಂದೇ ಬಗೆಯ ಅಂಗಡಿಗಳು ಒಂದೇ ಪಟ್ಟಿಗೆ ಬಂದವು, ಆದರೂ ಎಲ್ಲಕ್ಕೂ ಸೇರಿಸಿ ಒಂದೇ ಬಾಗಿಲು ಎನ್ನುವುದು ಇಲ್ಲ. ಅಂಗಡಿಗಳ ಪಟ್ಟಿಗೆ ಒಂದು ಫೋನ್ ಮಾಡಿದರೆ ಸಾಕು. ಮನೆಯ ಹತ್ತಿರ, ಆಸ್ಪತ್ರೆಯ ಹತ್ತಿರ ಇರುವ ಅಂಗಡಿಗಳನ್ನು ಹೇಳಿದರೆ ಅವರಿಗೆ ಇವನ ಫೋಟೊ ಹೋಗುತ್ತದೆ. ಮುಖ ನೋಡಿ ಗುರುತು ಹಿಡಿಯುವುದು ಕೌಂಟರಿನಲ್ಲಿ ಕೂತ ಹುಡುಗನ ಕೆಲಸ, ಅವನ ಕಣ್ಣು ತಪ್ಪಬಹುದು. ಮನಸ್ಸು ಮಾಡಿದರೆ ಬಸ್ಸು ಹತ್ತಿ ಬೇರೆ ಊರಿನ ಅಂಗಡಿಗೂ ಹೋಗಬಹುದು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಟ ಇದು.

ಹಾಗಾಗಿ ತಮ್ಮನಿಗೆ ನೇರ ಕೇಳಿ: ಅಂಗಡಿಗಳ ಪಟ್ಟಿಗೂ ಕೊಟ್ಟಿದ್ದೀಯಾ? ಎಷ್ಟು ಕಾಲಕ್ಕೆ? ಹಳೆಯ ಇಮೇಲ್, ಹಳೆಯ ನಂಬರ್ ಎಲ್ಲ ಬರೆಸಿದ್ದೀಯಾ? ಜೊತೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ಜೂಜಿಗೆ ದುಡ್ಡು ಹೋಗದ ಹಾಗೆ ಬ್ಲಾಕ್ ಹಾಕಿಸಿ. ಅಲ್ಲಿನ ಹಲವು ಬ್ಯಾಂಕುಗಳಲ್ಲಿ ಆ ಸೌಕರ್ಯ ಇದೆ, ಕೆಲವು ಕಡೆ ಬ್ಲಾಕ್ ತೆಗೆಯಬೇಕೆಂದರೂ 48 ಗಂಟೆ ಕಾಯಬೇಕು. ಆ ಎರಡು ದಿನದಲ್ಲಿ ಮ್ಯಾಚೂ ಮುಗಿದಿರುತ್ತದೆ, ಹುಚ್ಚೂ ಸ್ವಲ್ಪ ಇಳಿದಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದನ್ನು ಅಲ್ಲಿ 2020ರಲ್ಲೇ ನಿಲ್ಲಿಸಿದ್ದಾರೆ. ಇಷ್ಟೆಲ್ಲ ಬೇಲಿ ಮಾತ್ರ, ಮದ್ದಲ್ಲ. ಅಲ್ಲಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಜೂಜಿನ ಚಟಕ್ಕೆಂದೇ ಕ್ಲಿನಿಕ್‌ಗಳಿವೆ. ನರ್ಸ್ ಆದವನಿಗೆ ಅಲ್ಲಿಗೆ ಹೋಗಲು ನಾಚಿಕೆ ಆಗಬಹುದು, ಆದರೂ ಕಳಿಸಿ. ಅಮ್ಮನಿಗೆ ಹೇಳುವ ವಿಷಯ ಅವನಿಗೇ ಬಿಡಿ, ಆದರೆ ಅವನ ಸಾಲ ತೀರಿಸಲು ನೀವು ಗುಟ್ಟಾಗಿ ಚಿನ್ನ ಅಡವಿಡಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ಕುಡಿತ ಇಲ್ಲ, ಬೀಡಿಯೂ ಇಲ್ಲ. ಲಾಟರಿ ಒಂದೇ, ಆದರೆ ದಿನಾ ನಾಲ್ಕೈದು ಟಿಕೆಟ್. ಮಗಳ ಫೀಸಿನ ದುಡ್ಡೂ ಹೋಯಿತು. ನೀವು ಹೇಳುವ ಪಟ್ಟಿಯಂಥದ್ದು ನಮ್ಮ ಕೇರಳದಲ್ಲಿ ಇದೆಯಾ?
- ಒಬ್ಬಳು ತಾಯಿ, ಉಪ್ಪಳ

ಉತ್ತರ: ಇಲ್ಲ ತಾಯಿ. ಹೆಸರು ಕೇಳದೆ ಮಾರುವ ಸರಕಿಗೆ ಹೆಸರಿನ ಪಟ್ಟಿ ಮಾಡುವುದಾದರೂ ಹೇಗೆ? 50 ರೂಪಾಯಿ ಕೊಟ್ಟರೆ ಟಿಕೆಟ್, ಬಂಪರಾದರೆ 500ರ ತನಕ. ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನ ಬಾಗಿಲಲ್ಲಿ, ಆಟೋ ಸ್ಟ್ಯಾಂಡಿಗೇ ಬಂದು ಕೊಡುತ್ತಾರೆ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ಅಲ್ಲಿಯವರು ತಲಪಾಡಿ ಗಡಿ ದಾಟಿ ನಮ್ಮಲ್ಲಿಗೆ ಬಂದು ಕೊಳ್ಳುತ್ತಾರೆ, ನಿಮ್ಮವರಿಗೆ ಆ ಕಷ್ಟವೂ ಇಲ್ಲ!

ಸಿಂಗಾಪುರದಲ್ಲಿ ಒಂದು ಒಳ್ಳೆಯ ಕ್ರಮ ಇದೆ. ಅಲ್ಲಿ ಎರಡೇ ಕ್ಯಾಸಿನೊ, ಒಳಗೆ ಹೋಗಬೇಕಾದರೆ ಗುರುತು ಚೀಟಿ ತೋರಿಸಬೇಕು. ತಾನೇ ಹೆಸರು ಕೊಡಬಹುದು, ಇಲ್ಲವಾದರೆ ಹೆಂಡತಿ ಮಕ್ಕಳೂ ಅರ್ಜಿ ಹಾಕಿ ತಡೆಯಬಹುದು. ನಮ್ಮಲ್ಲಿ ಕಾಗದದ ಟಿಕೆಟಿಗೆ ಹಾಗೆ ಮಾಡಲು ಬರುವುದಿಲ್ಲ, ಆದ್ದರಿಂದ ಪಟ್ಟಿಯನ್ನು ನೀವೇ ಮಾಡಬೇಕು.

ಮೊದಲು ಚಟ ಎಲ್ಲಿ ಹಿಡಿದಿದೆ ನೋಡಿ. ಒಂದು ಕೋಟಿ ಬರುತ್ತದೆಂದು ಅವರೂ ನಂಬಿರುವುದಿಲ್ಲ. ಮೂರು ಗಂಟೆಗೆ ಡ್ರಾ, ಆಮೇಲೆ ಫೋನಿನಲ್ಲಿ ಕೊನೆಯ ನಾಲ್ಕು ಅಂಕೆ ನೋಡುವುದು, ಯಾವಾಗಲಾದರೊಮ್ಮೆ ಸಣ್ಣ ಬಹುಮಾನ. ಅದನ್ನು ಮನೆಗೆ ತರುತ್ತಾರಾ? ಅದೇ ಅಂಗಡಿಯಲ್ಲಿ ಕೊಟ್ಟು ನಾಳೆಯ ಟಿಕೆಟ್ ಹರಿದುಕೊಂಡು ಬರುತ್ತಾರೆ. ಗೆದ್ದದ್ದು ಕಣ್ಣಿಗೂ ಕಾಣುವುದಿಲ್ಲ, ಸೋತದ್ದು ಲೆಕ್ಕಕ್ಕೂ ಬರುವುದಿಲ್ಲ.

ಅವರು ಒಪ್ಪಿದರೆ, ಒಪ್ಪಿದರೆ ಮಾತ್ರ, ಇಬ್ಬರೂ ಒಟ್ಟಿಗೆ ಅವರು ಕೊಳ್ಳುವ ಒಂದೊಂದು ಅಂಗಡಿಗೂ ಹೋಗಿ "ಇವರಿಗೆ ಕೊಡಬೇಡಿ, ಸಾಲ ಅಂತೂ ಬೇಡವೇ ಬೇಡ" ಎಂದು ಹೇಳಿ. ಊರು ಸಣ್ಣದು, ಮುಖ ಪರಿಚಯದವರು ಒಬ್ಬಿಬ್ಬರಾದರೂ ಮಾತು ಉಳಿಸುತ್ತಾರೆ. ನೀವು ಒಬ್ಬರೇ ಹೋಗಿ ಹೇಳಿದರೆ ಅವರಿಗೆ ಅವಮಾನವಾಗಿ ಎರಡರಷ್ಟು ಕೊಳ್ಳುತ್ತಾರೆ. ಗಾಡಿಯ ಎಣ್ಣೆ ಖರ್ಚು ಬಿಟ್ಟು ಉಳಿದ ಬಾಡಿಗೆ ದುಡ್ಡು ಮಧ್ಯಾಹ್ನ ಊಟಕ್ಕೆ ಬಂದಾಗಲೇ ನಿಮ್ಮ ಕೈಗೆ ಬರಲಿ, ರಾತ್ರಿಯ ತನಕ ಕಾಯಬೇಡಿ. ಫೀಸಿನ ದುಡ್ಡು ನಿಮ್ಮ ಹೆಸರಿನ ಖಾತೆಯಲ್ಲಿರಲಿ. ಮಾತಾಡಲು ಯಾರಾದರೂ ಬೇಕಾದರೆ 14416ಕ್ಕೆ ಫೋನ್ ಮಾಡಿ, ಅದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶ್ನೆ: ನಾನು ಆಡುತ್ತಿದ್ದ ಆ್ಯಪ್‌ಗಳು ಹೋದ ಮೇಲೆ ಟೆಲಿಗ್ರಾಂನಲ್ಲಿ ಬಂದ ಲಿಂಕ್‌ನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಶುರು ಮಾಡಿದೆ. ಈಗ ಏಜೆಂಟ್ 40 ಸಾವಿರ ಬಾಕಿ ಎಂದು ಹೆದರಿಸುತ್ತಿದ್ದಾನೆ. ಅಲ್ಲಿ ಹೆಸರು ತೆಗೆಸಲು ಆಗುತ್ತದಾ?
- ಕುಂಬಳೆಯ ಓದುಗ

ಉತ್ತರ: ಯಾರ ಹತ್ತಿರ ತೆಗೆಸುತ್ತೀರಿ ಮಾರಾಯ್ರೆ? ಲೈಸೆನ್ಸ್ ಇದ್ದ ಕಡೆ ಮಾತ್ರ ಪಟ್ಟಿ. ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಪಾರ್ಲಿಮೆಂಟ್ 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿತು, ಆಡಿಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ನಿಮ್ಮ ಲಿಂಕಿನವನು ಆ ಕಾನೂನಿನಿಂದಲೇ ತಲೆ ತಪ್ಪಿಸಿಕೊಂಡವನು, ನಿಮ್ಮ ಅರ್ಜಿ ಓದುತ್ತಾನಾ? ನಂಬರ್ ಬದಲಿಸಿ, ಆ ಗ್ರೂಪಿನಿಂದ ಹೊರಗೆ ಬನ್ನಿ. ಕಾರ್ಡಿನ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರ ಎರಡನ್ನೂ ಬ್ಯಾಂಕ್ ಆ್ಯಪ್‌ನಲ್ಲಿ ಆಫ್ ಮಾಡಿ. ಯುಪಿಐ ಖಾತೆಯಲ್ಲಿ ಬಸ್ಸು, ಚಹಾದ ದುಡ್ಡು ಬಿಟ್ಟು ಜಾಸ್ತಿ ಇಡಬೇಡಿ.

ಆ 40 ಸಾವಿರ ಬೆಟ್ಟಿಂಗ್‌ನಲ್ಲಿ ಸೋತ ಬಾಕಿಯಾದರೆ ಅದನ್ನು ಅವನು ಕೋರ್ಟಿಗೆ ಹೋಗಿ ವಸೂಲಿ ಮಾಡಲು ಆಗುವುದಿಲ್ಲ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರಿಗೆ ಬೆಲೆ ಇಲ್ಲ. ಹಾಗೆಂದು ಆಟಕ್ಕಾಗಿ ಬ್ಯಾಂಕಿನಿಂದಲೋ ಗೆಳೆಯನಿಂದಲೋ ತಂದ ಸಾಲ ಇದರಲ್ಲಿ ಸೇರಿಸಬೇಡಿ, ಅದು ಕೊಡಬೇಕಾದ ಸಾಲವೇ. ಬೆದರಿಕೆಯ ಮೆಸೇಜ್‌ಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಪೊಲೀಸ್ ಸ್ಟೇಷನ್‌ಗೆ ಹೋಗಿ. ಅದಕ್ಕೂ ಮೊದಲು ಒಬ್ಬ ವಕೀಲರಿಗೆ ಆ ಮೆಸೇಜ್‌ಗಳನ್ನು ತೋರಿಸಿ, ನೀವು ಅವನಿಗೆ ಏನೇನು ಬರೆದು ಕಳಿಸಿದ್ದೀರಿ ಎಂದು ಅವರೂ ಒಮ್ಮೆ ನೋಡಲಿ.